ಸಭೆಯಲ್ಲಿ ಎಲ್ಲರೂ ಕೈ ಎತ್ತುತ್ತಾರೆ, ಮಂಗಳವಾರ ಯಾರೂ ಬರುವುದಿಲ್ಲ: ಪಾಲಿಯೇಟಿವ್ ಸ್ವಯಂಸೇವಕರ ಮಾತುಕತೆ ನಡೆಸುವುದು ಹೇಗೆ?

ಬೈಲುಕರೆ ಕೇಳಿದ್ದು:

ಕೇರಳದ ಮಂಜೇಶ್ವರ ತಾಲೂಕಿನ ಒಳಭಾಗದ ಒಂದು ಪಂಚಾಯತಿನ ಪಾಲಿಯೇಟಿವ್ ಘಟಕದ (ಗುಣವಾಗದ ಕಾಯಿಲೆಯವರನ್ನು, ಹಾಸಿಗೆ ಹಿಡಿದವರನ್ನು ಮನೆಗೇ ಹೋಗಿ ನೋಡಿಕೊಳ್ಳುವ ಘಟಕ) ವಿಷಯ. ರಿಜಿಸ್ಟರಿನಲ್ಲಿ 41 ಸ್ವಯಂಸೇವಕರ ಹೆಸರು ಉಂಟು. ಮನೆಭೇಟಿಗೆ (ಹೋಮ್‌ಕೇರ್‌ಗೆ) ಬರುವವರು 8–9 ಮಂದಿ, ಅದೂ ಯಾವಾಗಲೂ ಅವರೇ. ಜನವರಿ 15ರ ಪಾಲಿಯೇಟಿವ್ ದಿನಕ್ಕೆ ಹಾಲ್ ತುಂಬುತ್ತದೆ, ಫೋಟೋ ಆಗುತ್ತದೆ. ಫೆಬ್ರವರಿಯಲ್ಲಿ ಪುನಃ ನರ್ಸ್, ಡ್ರೈವರ್, ಆಶಾ ಕಾರ್ಯಕರ್ತೆ ಮೂವರೇ ಗುಡ್ಡೆ ಹತ್ತುವುದು.

ಎರಡು ಸಲ ಸಭೆ ಕರೆದಾಯಿತು. ಸ್ವಾಗತ, ಪ್ರಾಸ್ತಾವಿಕ, ಉದ್ಘಾಟನೆ, ಪಕ್ಷಕ್ಕೊಂದರಂತೆ ಶುಭಾಶಂಸನೆ, ಧನ್ಯವಾದ. ಕೊನೆಯ ಹತ್ತು ನಿಮಿಷದಲ್ಲಿ "ಮಂಗಳವಾರದ ಹೋಮ್‌ಕೇರ್‌ಗೆ ಯಾರೆಲ್ಲ ಬರ್ತೀರಿ?" ಎಂದು ಕೇಳಿದರೆ ಎಲ್ಲರ ಕೈಯೂ ಮೇಲೆ. ಮಂಗಳವಾರ ಬೆಳಿಗ್ಗೆ 9ಕ್ಕೆ ಕುಟುಂಬಾರೋಗ್ಯ ಕೇಂದ್ರದ ಅಂಗಳದಲ್ಲಿ ನಾಲ್ಕು ಜನ, ಅದರ ಮುಂದಿನ ವಾರ ಇಬ್ಬರು.

ಈಗ ಒಬ್ಬರ ಮೇಲೊಬ್ಬರಿಗೆ ಅಸಮಾಧಾನ. ನರ್ಸ್ ಹೇಳುವುದು, ನಂಬಿ ಭೇಟಿಯ ಮಾರ್ಗ ಹಾಕಿದರೆ ಕೈ ಕೊಡುತ್ತಾರೆ ಎಂದು. ಸ್ವಯಂಸೇವಕರು ಹೇಳುವುದು, ನಮಗೆ ಸಮಯಕ್ಕೆ ತಿಳಿಸುವುದೇ ಇಲ್ಲ ಎಂದು. ಊರವರಂತೂ "ಸಂಬಳ ಕೊಟ್ಟು ಇಟ್ಟಿದ್ದಾರಲ್ಲ" ಅನ್ನುತ್ತಾರೆ. ಮೂರೂ ಕಡೆಯವರನ್ನು ಒಟ್ಟಿಗೆ ಕೂರಿಸಿ, ಭಾಷಣ ಇಲ್ಲದೆ, 30 ಜನರ ಒಂದು ಮಾತುಕತೆ ಮಾಡಬೇಕೆಂದಿದ್ದೇವೆ. ಎಷ್ಟು ಹೊತ್ತು, ಯಾವ ಪ್ರಶ್ನೆ, ಯಾರು ನಡೆಸಬೇಕು? ಬರುವವರಲ್ಲಿ ತುಳು, ಮಲಯಾಳ, ಬ್ಯಾರಿ, ಕನ್ನಡ, ಮರಾಠಿ ಮನೆಮಾತಿನವರು ಎಲ್ಲರೂ ಇದ್ದಾರೆ. ಬರೇ ‘ಮನಸ್ಸು ಬೇಕು’ ಅನ್ನುವ ಉಪದೇಶ ಬೇಡ, ಮಾಡಿ ತಿಳಿದವರು ಹೇಳಿ.

ಗಡಿಕಲ್ಲು:

ಬೈಲುಕರೆಯವರೇ, ಅವರು ಕೈ ಎತ್ತಿದ್ದು ಒಪ್ಪಿಗೆಗೆ ಅಲ್ಲ, ಮರ್ಯಾದೆಗೆ. ಎದುರು ಅಧ್ಯಕ್ಷರು ಕೂತಿದ್ದಾರೆ, ಪಕ್ಕದ ಮನೆಯವರ ಕೈ ಮೇಲಿದೆ, ಮತ್ತೆ ನಮ್ಮ ಕೈ ಮಾತ್ರ ಹೇಗೆ ಕೆಳಗೆ ಇರುತ್ತದೆ? ನಮ್ಮ ಕಡೆ ‘ಇಲ್ಲ’ ಎನ್ನಲು ಮೂರು ಭಾಷೆಯಲ್ಲೂ ಮೆತ್ತಗಿನ ಮಾತು ಉಂಟು: ಕನ್ನಡದಲ್ಲಿ ‘ನೋಡುವ’, ತುಳುವಿನಲ್ಲಿ ‘ತೂಕ’, ಮಲಯಾಳದಲ್ಲಿ ‘ನೋಕ್ಕಾಂ’. ಈ ಮೂರನ್ನೂ ‘ಹೂಂ’ ಎಂದು ಬರೆದುಕೊಂಡಾಗ ಆಗುವುದೇ 41ರ ಪಟ್ಟಿ. ‘ನನಗೆ ಆಗುವುದಿಲ್ಲ’ ಎಂದು ಎದುರೇ ಹೇಳಲು ಜಾಗ ಇದ್ದರೆ ಮಾತ್ರ ‘ನನಗೆ ಆಗುತ್ತದೆ’ ಎಂಬುದನ್ನು ನಂಬಿ ಮಾರ್ಗ ಹಾಕಬಹುದು. ಕುರ್ಚಿ ಇಡುವುದರಿಂದ ಹಿಡಿದು ಕೊನೆಯ ಪ್ರಶ್ನೆಯವರೆಗೆ ಈ ಒಂದು ವಿಷಯ ನೆನಪಿನಲ್ಲಿರಲಿ.

ಸಭೆಗೆ ಮೊದಲು ಘಟಕದವರೇ ಕೂತು, ಯಾವುದು ಚರ್ಚೆಗೆ ಉಂಟು, ಯಾವುದು ಇಲ್ಲ ಎಂದು ಒಂದು ಹಾಳೆಯಲ್ಲಿ ಬರೆಯಿರಿ. ಕ್ಯಾಥೆಟರ್ ಬದಲಿಸುವುದು, ಮೂಗಿನ ಟ್ಯೂಬ್, ಬೆನ್ನಿನ ಹುಣ್ಣಿಗೆ ಡ್ರೆಸ್ಸಿಂಗ್ ನರ್ಸಿನ ಕೆಲಸ, ಅದು ಚರ್ಚೆಗಿಲ್ಲ. ಹೋಮ್‌ಕೇರಿನ ದಿನ, ಮಾರ್ಗ, ಯಾವ ವಾರ್ಡಿಗೆ ಯಾರು, ತಿಳಿಸುವ ಕ್ರಮ ಹೇಗೆ ಎಂಬುದೆಲ್ಲ ಚರ್ಚೆಗೆ. ಮೊದಲೇ ತೀರ್ಮಾನ ಆಗಿಹೋದದ್ದನ್ನು ಚರ್ಚೆಗೆ ಇಟ್ಟಂತೆ ಮಾಡಿದರೆ ಜನ ಒಂದು ಸಲ ನಂಬುತ್ತಾರೆ, ಎರಡನೇ ಸಲ ಚಹಾ ಕುಡಿದು ಹೋಗುತ್ತಾರೆ.

ಕೋಣೆ: 5 ಜನರ 6 ವೃತ್ತ. ವೃತ್ತದಲ್ಲಿ 7 ಜನ ಆದರೆ ಇಬ್ಬರು ಸುಮ್ಮನಾಗುತ್ತಾರೆ, ಅದು ಖಂಡಿತ. ನಡುವೆ ಮೇಜು ಬೇಡ. ಮೈಕೂ ಬೇಡ, ಮೈಕ್ ಕೈಗೆ ಬಂದ ಕೂಡಲೇ ನಮ್ಮವರು ಭಾಷಣಕ್ಕೆ ಎದ್ದು ನಿಲ್ಲುತ್ತಾರೆ. ವೇದಿಕೆ ಇರುವ ಹಾಲ್ ಆದರೆ ಕುರ್ಚಿಗಳನ್ನು ಉದ್ದದ ಗೋಡೆಯ ಕಡೆ ತಿರುಗಿಸಿ, ವೇದಿಕೆ ಬದಿಗೆ ಬೀಳಲಿ. ಮಳೆಗಾಲವಾದರೆ ಶೀಟ್ ಹೊದೆಸಿದ ಹಾಲ್ ತೆಗೆದುಕೊಳ್ಳಲೇಬೇಡಿ, ಒಂದು ಮಳೆ ಬಂದರೆ ಪಕ್ಕದವರ ಮಾತೂ ಕೇಳಿಸದು. ಪಸೆ ಹಿಡಿದ ಗೋಡೆಗೆ ಟೇಪ್ ಅಂಟುವುದಿಲ್ಲ. ಕಿಟಕಿಯಿಂದ ಕಿಟಕಿಗೆ ಹಗ್ಗ ಕಟ್ಟಿ ಚಾರ್ಟುಗಳನ್ನು ಬಟ್ಟೆ ಕ್ಲಿಪ್ಪಿನಲ್ಲಿ ತೂಗಿಸಿ. ಸಾಮಾನು ಇಷ್ಟೇ: 12 ಚಾರ್ಟ್ ಪೇಪರ್, ಅರ್ಧಕ್ಕೆ ಕತ್ತರಿಸಿದ ಎ-ಫೋರ್ ಹಾಳೆ ಒಂದು ಇನ್ನೂರು, 15 ದಪ್ಪ ಮಾರ್ಕರ್. ಬಾಲ್‌ಪೆನ್ ಕೊಡಬೇಡಿ, ಸಣ್ಣ ಅಕ್ಷರದಲ್ಲಿ ಪುಟ ತುಂಬಿಸುತ್ತಾರೆ, ಗೋಡೆಯಲ್ಲಿ ಹಾಕಿದರೆ ಯಾರಿಗೂ ಕಾಣದು. ಹಾಳೆಗೆ ಒಂದೇ ವಿಷಯ, ಆರೇಳು ಪದ.

ಪ್ರಶ್ನೆಗಳ ಕ್ರಮಕ್ಕೆ ಇನ್‌ಸ್ಟಿಟ್ಯೂಟ್ ಆಫ್ ಕಲ್ಚರಲ್ ಅಫೇರ್ಸ್‌ನವರು ಬಳಕೆಗೆ ತಂದ ನಾಲ್ಕು ಮೆಟ್ಟಿಲಿನ ವಿಧಾನ ಇಲ್ಲಿಗೆ ಸರಿಹೊಂದುತ್ತದೆ: ಕಂಡದ್ದು, ಮನಸ್ಸಿಗೆ ತಾಗಿದ್ದು, ಅದರ ಅರ್ಥ, ಕೊನೆಗೆ ತೀರ್ಮಾನ. ಮೆಟ್ಟಿಲು ಹಾರಬೇಡಿ.

ಮೊದಲ 25 ನಿಮಿಷ ಕಂಡದ್ದು ಮಾತ್ರ. ವಾರ್ಡಿನ ಲೆಕ್ಕದಲ್ಲಿ ಒಂದು ದೊಡ್ಡ ಚಾರ್ಟ್ ಮೊದಲೇ ಬರೆದು ತೂಗಿಸಿ: ಎಷ್ಟು ರೋಗಿಗಳು, ಕಳೆದ 3 ತಿಂಗಳಲ್ಲಿ ಎಷ್ಟು ಭೇಟಿ ಆಗಬೇಕಿತ್ತು, ಎಷ್ಟು ಆಯಿತು, ವಾಹನ ನಿಲ್ಲುವಲ್ಲಿಂದ ಎಷ್ಟು ನಡೆಯಬೇಕು. ರೋಗಿಯ ಹೆಸರು ಬೇಡ, ಮನೆಯ ಗುರುತೂ ಬೇಡ. ‘ಸುರಂಗದ ಹತ್ತಿರದ ಮನೆ’ ಅಂದರೆ ಊರವರಿಗೆ ಹೆಸರು ಹೇಳಿದ ಹಾಗೆಯೇ. ಪ್ರಶ್ನೆ ಸರಳ: "ಇದರಲ್ಲಿ ಯಾವ ಅಂಕಿ ಕಣ್ಣಿಗೆ ಬಿತ್ತು? ಕಳೆದ ಸಲ ಹೋದಾಗ ಏನು ನೋಡಿದಿರಿ?" ಇದಕ್ಕೆ ಯಾರೂ ಉತ್ತರ ಹೇಳಬಹುದು, ತಪ್ಪು ಎಂಬುದಿಲ್ಲ. "ಯಾಕೆ ಜನ ಬರುವುದಿಲ್ಲ?" ಎಂದು ಶುರು ಮಾಡಿದರೆ ಐದನೇ ನಿಮಿಷಕ್ಕೆ ಜಗಳ.

ಮುಂದಿನ 25 ನಿಮಿಷ ಮನಸ್ಸಿಗೆ ತಾಗಿದ್ದು. ಹೆಚ್ಚಿನವರು ‘ಭಾವನೆ ಎಲ್ಲ ಯಾಕೆ’ ಎಂದು ಇದನ್ನು ಬಿಡುತ್ತಾರೆ, ನಿಜ ಕಾರಣ ಬೀಳುವುದು ಇಲ್ಲಿಯೇ. "ಯಾವ ಜಗಲಿ ಹತ್ತುವಾಗ ಕಾಲು ಹಿಂದೆ ಎಳೆಯುತ್ತದೆ? ಯಾವ ದಿನ ಮನೆಗೆ ಬಂದು ಸಮಾಧಾನ ಆಯಿತು?" ಸಮಯ ಇಲ್ಲ ಎನ್ನುತ್ತಿದ್ದವರು ಬೇರೆಯದೇ ಹೇಳುತ್ತಾರೆ: ಹುಣ್ಣಿನ ವಾಸನೆ ತಡೆಯಲಿಕ್ಕಾಗುವುದಿಲ್ಲ, ಸಾಯುವವರು ‘ನಾನು ಗುಣ ಆಗ್ತೇನಾ’ ಎಂದು ಕೇಳಿದರೆ ಎಂತ ಹೇಳುವುದು, ಮನೆಯವರು ಹಣ ಕೇಳುತ್ತಾರೆ, ನರ್ಸ್ ಒಳಗೆ ಕೆಲಸ ಮಾಡುವಾಗ ನಾವು ಹೊರಗೆ ಕೋಲು ಹಿಡಿದ ಹಾಗೆ ನಿಲ್ಲುವುದು. ಈ ನಾಲ್ಕರಲ್ಲಿ ಒಂದಕ್ಕೂ ‘ಸೇವಾ ಮನೋಭಾವ’ದ ಭಾಷಣ ಮದ್ದಲ್ಲ.

ಅನಂತರ 35 ನಿಮಿಷ ಅರ್ಥ: "ಇಷ್ಟು ಕೇಳಿದ ಮೇಲೆ, ಸಮಯದ್ದೇ ತೊಂದರೆಯೋ, ಬೇರೆಯದೋ? ಹೀಗೆಯೇ ಮೂರು ತಿಂಗಳು ಹೋದರೆ ಯಾವ ವಾರ್ಡಿಗೆ ಪೆಟ್ಟು?" ಕೊನೆಯ 40 ನಿಮಿಷ ತೀರ್ಮಾನ. ನಡುವೆ 15 ನಿಮಿಷ ಚಹಾ. ಒಟ್ಟು 2 ಗಂಟೆ 20 ನಿಮಿಷ. ಮೂರು ಗಂಟೆ ದಾಟಿಸಿದರೆ ತೀರ್ಮಾನದ ಹೊತ್ತಿಗೆ ಅರ್ಧ ಜನ ಬಸ್‌ಸ್ಟ್ಯಾಂಡಿನಲ್ಲಿ ಇರುತ್ತಾರೆ.

ಪ್ರತಿ ಪ್ರಶ್ನೆಗೂ ಒಂದೇ ಕ್ರಮ: 1 ನಿಮಿಷ ಮೌನ, 4 ನಿಮಿಷ ಪಕ್ಕದವರೊಡನೆ, 8 ನಿಮಿಷ ವೃತ್ತದಲ್ಲಿ, ಮತ್ತೆ ಹಾಳೆಯಲ್ಲಿ ಬರೆದು ಹಗ್ಗಕ್ಕೆ. ಆ ಒಂದು ನಿಮಿಷದ ಮೌನ ನಡೆಸುವವರಿಗೇ ಕಷ್ಟ, ಮಾತಾಡಿ ತುಂಬಿಸುವ ಅಂತ ಅನಿಸುತ್ತದೆ. ಗಡಿಯಾರ ನೋಡಿ ಸುಮ್ಮನಿರಿ.

ಹೊಳೆಬದಿ:

ವರ್ಲ್ಡ್ ಕೆಫೆ ಮಾಡಬಹುದಲ್ಲ? 20 ನಿಮಿಷಕ್ಕೊಮ್ಮೆ ಮೇಜು ಬದಲಿಸುವುದು. ಎಲ್ಲರೂ ಎಲ್ಲರೊಡನೆ ಮಾತಾಡಿದ ಹಾಗೆ ಆಗುತ್ತದೆ, ಬೇಸರವೂ ಬರುವುದಿಲ್ಲ.

ಗಡಿಕಲ್ಲು:

ಹೊಳೆಬದಿಯವರೇ, ವಿಷಯ ಹುಡುಕಲು ಅದು ಒಳ್ಳೆಯದು. ಮಾತು ಕೊಡಲು ಅಲ್ಲ. ಮೂರು ಮೇಜು ಸುತ್ತಿದ ಮೇಲೆ ‘ನಾನು ಬರುತ್ತೇನೆ’ ಎಂದು ಯಾರ ಎದುರು ಹೇಳಿದ್ದು ಎಂಬುದೇ ಮರೆತುಹೋಗುತ್ತದೆ. ಇಲ್ಲಿ ಕೊನೆಯವರೆಗೆ ಅದೇ ಐವರು ಇರಬೇಕು, ಅದಕ್ಕಾಗಿ ವೃತ್ತಗಳನ್ನು ವಾರ್ಡುವಾರು ಕೂರಿಸಿ. ಹ್ಯಾರಿಸನ್ ಓವನ್ 1985ರಲ್ಲಿ ಶುರು ಮಾಡಿದ ಓಪನ್ ಸ್ಪೇಸ್ ಎಂಬ ಸಭೆಯ ಕ್ರಮದಲ್ಲಿ ಒಂದು ನಿಯಮ ಉಂಟು, ಅದನ್ನು ಮಾತ್ರ ಇಲ್ಲಿಗೆ ತರಬಹುದು: ಕೂತಲ್ಲಿ ಪ್ರಯೋಜನ ಇಲ್ಲ ಎನಿಸಿದವರು ಎದ್ದು ಹೋಗಬಹುದು, ಯಾರೂ ಬೇಸರ ಮಾಡಬಾರದು. ಶುರುವಿನಲ್ಲೇ ಹೇಳಿಬಿಟ್ಟರೆ ಉಳಿದವರು ತಾವಾಗಿ ಉಳಿದವರು.

ತಾಳೆಗರಿ:

ಭಾಷೆ ಮತ್ತು ದಿನದ ಬಗ್ಗೆ ಎರಡು ಮಾತು.

ಮಾತಿಗೆ ಒಂದು ಭಾಷೆ, ಬರವಣಿಗೆಗೆ ಒಂದು ಭಾಷೆ ಎಂದು ನಿಯಮ ಮಾಡಬೇಡಿ. ವೃತ್ತದಲ್ಲಿ ಬಾಯಿಗೆ ಬಂದ ಭಾಷೆ. ನಿಮ್ಮ ಕಡೆ ಅದು ಹೆಚ್ಚಾಗಿ ತುಳು ಆಗುತ್ತದೆ. ಬರೆಯುವಾಗ ತೊಡಕು ಬರುವುದು. ಮಲಯಾಳ ಮೀಡಿಯಂನಲ್ಲಿ ಓದಿದ ಹುಡುಗರು ಮನೆಯಲ್ಲಿ ತುಳು ಮಾತಾಡಿದರೂ ಕನ್ನಡ ಅಕ್ಷರ ಓದಲಾರರು. ಐವತ್ತು ದಾಟಿದ ಎಷ್ಟೋ ಹೆಂಗಸರಿಗೆ ಕನ್ನಡ ಮಾತ್ರ ಓದಲು ಬರುವುದು. ಹಾಗಾಗಿ ಯಾವ ಲಿಪಿಯಲ್ಲಾದರೂ ಬರೆಯಲಿ, ಹಗ್ಗಕ್ಕೆ ಸಿಕ್ಕಿಸುವಾಗ ಬರೆದವರೇ ಜೋರಾಗಿ ಓದಲಿ. ಬರೆಯಲು ಆಗದವರಿಗೆ ಪಕ್ಕದವರು ಬರೆದುಕೊಡಲಿ, ಅವರ ಮಾತನ್ನು ಇದ್ದ ಹಾಗೆಯೇ, ತಿದ್ದದೆ. ‘ವಾಸನೆಗೆ ಹೆದರಿಕೆ’ ಎಂದದ್ದು ‘ನೈರ್ಮಲ್ಯದ ಸಮಸ್ಯೆ’ ಆಗಿ ಬರೆದರೆ ಹೇಳಿದವರು ಮತ್ತೆ ಬಾಯಿ ಬಿಡುವುದಿಲ್ಲ. ಪಂಚಾಯತಿಗೆ ಹೋಗುವ ಮಿನಿಟ್ಸ್ ಮಲಯಾಳದಲ್ಲಿ ಆದರೆ ಆಗಲಿ, ಹೇಳಿದವರ ಕೈಗೆ ಕೊಡುವ ಪ್ರತಿ ಎರಡೂ ಭಾಷೆಯಲ್ಲಿ ಇರಬೇಕು.

ದಿನ ಇಡುವಾಗ ಕ್ಯಾಲೆಂಡರ್ ಜೊತೆಗೆ ತೋಟವನ್ನೂ ನೋಡಿ. ಪತ್ತನಾಜೆಯವರೆಗೆ (ಮೇ ಕೊನೆಯ ವಾರ) ಭೂತಕೋಲ, ಯಕ್ಷಗಾನದ ಆಟ, ಮದುವೆ. ಅದು ಮುಗಿದ ಕೂಡಲೇ ಅಡಿಕೆಗೆ ಮದ್ದು ಬಿಡುವ ಗಡಿಬಿಡಿ. ಮಳೆ ಬಿಟ್ಟು ಬಿಸಿಲು ಬಿದ್ದ ದಿನ ಗಂಡಸರು ಯಾರೂ ಸಿಗಲಿಕ್ಕಿಲ್ಲ. ಆಟಿ ತಿಂಗಳ (ಜುಲೈ–ಆಗಸ್ಟ್) ಭಾನುವಾರ ಮಧ್ಯಾಹ್ನ 2:30 ಒಳ್ಳೆಯದು, ಕಾರ್ಯಕ್ರಮ ಕಡಿಮೆ. ಚಹಾದ ವಿರಾಮವನ್ನು ಅಸರ್ (ಇಳಿಹೊತ್ತಿನ) ನಮಾಜಿನ ಹೊತ್ತಿಗೆ ಹೊಂದಿಸಿ. ಆಗ ಯಾರೂ ಕೇಳಿಕೊಂಡು ಎದ್ದು ಹೋಗಬೇಕಾಗಿಲ್ಲ. ಕುಟುಂಬಶ್ರೀಯ (ಕೇರಳ ಸರಕಾರದ ಹೆಂಗಸರ ಯೋಜನೆ) ಅಯಲ್‌ಕೂಟಗಳ, ಅಂದರೆ ನೆರೆಕರೆ ಗುಂಪುಗಳ, ವಾರದ ಸಭೆ ಯಾವ ದಿನ ಎಂದು ಅದರ ವಾರ್ಡ್ ಸಮಿತಿಯಾದ ಎಡಿಎಸ್‌ನವರಲ್ಲಿ ಮೊದಲೇ ವಿಚಾರಿಸಿ. ಒಂದು ಅಯಲ್‌ಕೂಟ ಅಂದರೆ 10ರಿಂದ 20 ಮನೆಯ ಹೆಂಗಸರು. ಆ ಹೊತ್ತಿಗೆ ನೀವು ಸಭೆ ಇಟ್ಟರೆ ನಿಮಗೆ ಬೇಕಾದವರೇ ತಪ್ಪುವುದು.

ಇನ್ನೊಂದು. ಗುಂಪು ಮಾಡಿ ಮಾತಾಡುವುದು ನಮಗೆ ಹೊಸತಲ್ಲ. 1996ರಲ್ಲಿ ಕೇರಳದಲ್ಲಿ ಶುರುವಾದ ಜನಕೀಯಾಸೂತ್ರಣದಲ್ಲಿ (ಊರಿನ ಯೋಜನೆಯನ್ನು ಜನರೇ ಮಾಡುವ ಆಂದೋಲನ) ಗ್ರಾಮಸಭೆಯನ್ನೇ ಕೃಷಿ, ನೀರು, ಆರೋಗ್ಯ ಎಂದು ಸಣ್ಣ ಗುಂಪುಗಳಾಗಿ ಒಡೆದು ಕೂರಿಸುತ್ತಿದ್ದರು. ಆಗ ತರಬೇತಿ ಪಡೆದು ಗುಂಪು ನಡೆಸಿದವರು ಎಲ್ಲ ಪಂಚಾಯತಿನಲ್ಲೂ ಇದ್ದರು, ಈಗ ನಿವೃತ್ತ ಮಾಷ್ಟ್ರುಗಳೋ ಟೀಚರುಗಳೋ ಆಗಿರಬಹುದು. ನಿಮ್ಮದಲ್ಲದ, ಪಕ್ಕದ ಪಂಚಾಯತಿನಲ್ಲಿ ಹುಡುಕಿ. ಇಬ್ಬರು ಬೇಕು: ಒಬ್ಬರು ಕೇಳುವವರು, ಒಬ್ಬರು ಹಗ್ಗ, ಹಾಳೆ, ಗಡಿಯಾರ ನೋಡುವವರು. ನಿಮ್ಮ ಘಟಕದ ಕಾರ್ಯದರ್ಶಿ ನಡೆಸಬಾರದು. ಅವರು ಎಷ್ಟು ಒಳ್ಳೆಯವರಾದರೂ ದೂರು ಬಂದ ಕೂಡಲೇ ಸಮಜಾಯಿಷಿ ಕೊಡುತ್ತಾರೆ.

ಜಾರುಮೆಟ್ಟಿಲು:

ಗಡಿಕಲ್ಲು ಅವರು ಹೇಳಿದ್ದರಲ್ಲಿ ಒಂದು ದೊಡ್ಡ ಕೊರತೆ ಉಂಟು. ನರ್ಸನ್ನು, ಡ್ರೈವರನ್ನು, ಆಶಾ ಕಾರ್ಯಕರ್ತೆಯನ್ನು ಸ್ವಯಂಸೇವಕರ ವೃತ್ತದಲ್ಲಿ ಹಾಗೆಯೇ ಕೂರಿಸಿದರೆ ಅವರು ನಿಜ ಹೇಳುವುದಿಲ್ಲ. ನರ್ಸಿನದು ಕರಾರಿನ ಕೆಲಸ, ನವೀಕರಿಸುವುದು ಪಂಚಾಯತ್. ಅಧ್ಯಕ್ಷರು, ವಾರ್ಡ್ ಸದಸ್ಯರು ಇರುವಲ್ಲಿ ‘ನನಗೆ ಆಗುವುದಿಲ್ಲ’ ಎಂದು ಹೇಳುವ ಸ್ವಾತಂತ್ರ್ಯ ಅವರಿಗೆ ಎಲ್ಲಿಂದ? ಸ್ವಯಂಸೇವಕರು ಬೇಡ ಎಂದರೆ ಮನೆಗೆ ಹೋಗಬಹುದು, ನರ್ಸಿಗೆ ಮರುದಿನವೂ ಅದೇ ಜೀಪು.

ಸಿಬ್ಬಂದಿಯೊಡನೆ ಒಂದು ವಾರ ಮೊದಲು ಪ್ರತ್ಯೇಕ 40 ನಿಮಿಷ. ನಡೆಸುವವರಿಬ್ಬರು ಮತ್ತು ಸಿಬ್ಬಂದಿ ಮಾತ್ರ. ಮೂರು ಪ್ರಶ್ನೆ ಸಾಕು: ಸ್ವಯಂಸೇವಕರು ಬಂದ ದಿನ ಯಾವ ಕೆಲಸ ಹಗುರ ಆಗುತ್ತದೆ? ಯಾವುದು ಹೆಚ್ಚಾಗುತ್ತದೆ? ದೊಡ್ಡ ಸಭೆಯಲ್ಲಿ ನಿಮ್ಮ ಹೆಸರು ಇಲ್ಲದೆ ಏನನ್ನು ಹೇಳಬಹುದು? ಎರಡನೆಯದಕ್ಕೆ ಬರುವ ಉತ್ತರಗಳೇ ಮುಖ್ಯ. ಐದು ಜನ ಜೀಪಿನಲ್ಲಿ ತುಂಬಿದರೆ ಸಣ್ಣ ಮನೆಯಲ್ಲಿ ರೋಗಿಗೆ ಮುಜುಗರ. ಸ್ವಯಂಸೇವಕರು ಮದ್ದಿನ ಬಗ್ಗೆ ತಮ್ಮದೇ ಸಲಹೆ ಕೊಟ್ಟು ಬರುತ್ತಾರೆ. ಒಂದು ಮನೆಯ ಸುದ್ದಿ ಇನ್ನೊಂದು ಮನೆಯ ಜಗಲಿಯಲ್ಲಿ ಬೀಳುತ್ತದೆ. ಇದನ್ನು ಮೊದಲೇ ಗೊತ್ತುಮಾಡಿಕೊಳ್ಳದೆ ‘ಎಲ್ಲರೂ ಬನ್ನಿ’ ಎಂದು ಕರೆದರೆ, 25 ಜನ ನಿಜವಾಗಿ ಬಂದ ವಾರ ನರ್ಸ್ ಕಣ್ಣೀರು ಹಾಕುತ್ತಾರೆ. ಹೋಮ್‌ಕೇರ್ ವಾಹನಕ್ಕೆ ದಿನಕ್ಕೆ ಇಬ್ಬರು ಸ್ವಯಂಸೇವಕರು ಸಾಕು, ಮೂರನೆಯವರು ಹೊರೆ.

ಹಾಗಾದರೆ ಉಳಿದ 30 ಮಂದಿಗೆ ಎಂತ ಕೆಲಸ ಎಂಬುದು ನಿಮ್ಮ ಸಭೆಯ ನಿಜ ಪ್ರಶ್ನೆ. ವಾರಕ್ಕೊಮ್ಮೆ ಪಕ್ಕದ ಮನೆಯ ರೋಗಿಯ ಹತ್ತಿರ ಒಂದು ಗಂಟೆ ಕೂತು, ನೋಡಿಕೊಳ್ಳುವ ಮಗಳೋ ಸೊಸೆಯೋ ಪೇಟೆಗೆ ಹೋಗಿ ಬರಲು ಬಿಡುವುದು. ತಾಲೂಕು ಆಸ್ಪತ್ರೆಯಿಂದ ಮದ್ದು ತರುವುದು. ಮಲಗಿದವರನ್ನು ಎರಡು ಗಂಟೆಗೊಮ್ಮೆ ಮಗ್ಗುಲು ತಿರುಗಿಸಬೇಕೆಂದು ಮನೆಯವರಿಗೆ ನೆನಪಿಸುವುದು. ಏರ್‌ಬೆಡ್, ವೀಲ್‌ಚೇರ್ ಯಾರ ಮನೆಯಲ್ಲಿ ಖಾಲಿ ಬಿದ್ದಿದೆ ಎಂದು ಲೆಕ್ಕ ಇಡುವುದು. ಪೆನ್ಷನ್ ಕಾಗದ ಬರೆಯುವುದು. ಕೋಝಿಕ್ಕೋಡ್, ಮಲಪ್ಪುರಂ ಕಡೆ ನೆರೆಕರೆಯ ಪಾಲಿಯೇಟಿವ್ ಜಾಲ ಹಬ್ಬಿದ್ದು ಜನರಿಂದ ವಾರಕ್ಕೆ ಎರಡು ಗಂಟೆ ಕೇಳಿಯೇ, ಇಡೀ ದಿನ ಕೇಳಿ ಅಲ್ಲ. ಕೆಲಸದ ಈ ಪಟ್ಟಿ ಸಿಬ್ಬಂದಿಯ ಬಾಯಿಯಿಂದ ಬರಲಿ, ಚಾರ್ಟಿನಲ್ಲಿ ತೂಗಲಿ. ಜನ ಅದರಿಂದ ಆರಿಸಲಿ.

ಸಂಬಳದ ಕೆಲಸವನ್ನು ಸಿಬ್ಬಂದಿಯಿಂದ ಸಭೆಯಲ್ಲಿ ‘ನಾನು ಕೊಟ್ಟ ಮಾತು’ ಎಂದು ಬರೆಸಬೇಡಿ. ನರ್ಸ್ ಬರೆಯಬೇಕಾದ್ದು ಒಂದೇ ರೀತಿಯದು: ‘ಸೋಮವಾರ ಸಂಜೆ 5ರ ಒಳಗೆ ಮರುದಿನದ ಮಾರ್ಗ ತಿಳಿಸುತ್ತೇನೆ’ ಎಂಬಂಥದ್ದು. ಅದಕ್ಕೂ ಮೊದಲು ಅವರ ಒಪ್ಪಿಗೆ ಕೇಳಿ.

ಬೈಲುಕರೆ:

ಜಾರುಮೆಟ್ಟಿಲು ಅವರೇ, ದಿನಕ್ಕೆ ಇಬ್ಬರೇ ಸಾಕು ಎಂಬುದು ನಮಗೆ ಹೊಳೆದೇ ಇರಲಿಲ್ಲ. ನಾವು 41 ಜನರನ್ನೂ ಜೀಪಿಗೆ ಹತ್ತಿಸಲು ಹೊರಟಿದ್ದೆವು.

ಎರಡು ಸಂಶಯ. ಅಧ್ಯಕ್ಷರು ಬಂದೇ ಬರುತ್ತಾರೆ, ಬರಬೇಡಿ ಎನ್ನಲಾಗದು. ಅವರಿಗೆ ಏನು ಮಾಡುವುದು? ಮತ್ತೆ, ‘ಬೇಡ’ ಎನ್ನಲು ಜಾಗ ಕೊಟ್ಟರೆ ಎಲ್ಲರೂ ಬೇಡ ಎಂದೇ ಹೇಳಿದರೆ?

ಗಡಿಕಲ್ಲು:

ಜಾರುಮೆಟ್ಟಿಲು ಹೇಳಿದ್ದು ಸರಿ, ಸಿಬ್ಬಂದಿಯ ವಿಷಯ ನಾನು ಬಿಟ್ಟದ್ದು ತಪ್ಪೇ.

ಅಧ್ಯಕ್ಷರಿಗೆ ಎರಡು ಜಾಗ. ಶುರುವಿನಲ್ಲಿ 3 ನಿಮಿಷ: ‘ಇದು ಚರ್ಚೆಗೆ ಉಂಟು, ಇದು ಇಲ್ಲ’ ಎಂಬ ಆ ಹಾಳೆಯನ್ನು ಅವರೇ ಓದಲಿ. ಅವರ ಬಾಯಿಯಿಂದ ಬಂದರೆ ತೂಕ. (ಇದು ಕನ್ನಡದ ತೂಕ, ತುಳುವಿನದ್ದಲ್ಲ.) ಕೊನೆಯಲ್ಲಿ 10 ನಿಮಿಷ: ಗೋಡೆಯಲ್ಲಿ ಪಂಚಾಯತಿನಿಂದ ಆಗಬೇಕಾದದ್ದು ಎಂದು ಬಿದ್ದ ಹಾಳೆಗಳನ್ನು ನೋಡಿ, ಯಾವುದು ಆಗುತ್ತದೆ, ಯಾವ ತಾರೀಕಿಗೆ, ಯಾವುದು ಆಗುವುದಿಲ್ಲ ಎಂದು ಹೇಳಲಿ. ‘ಪರಿಶೀಲಿಸುತ್ತೇವೆ’ ಎಂಬುದು ‘ನೋಡುವ’ದ ಸರ್ಕಾರಿ ರೂಪ, ಅದನ್ನು ಒಪ್ಪಬೇಡಿ. ನಡುವಿನ ಎರಡು ಗಂಟೆ ಅವರು ಅವರ ವಾರ್ಡಿನ ವೃತ್ತದಲ್ಲಿ ಐವರಲ್ಲಿ ಒಬ್ಬರು, ಇಲ್ಲವಾದರೆ ಹೋಗಿ 4:30ಕ್ಕೆ ಬರಲಿ. ಹೋಗಿ ಬರುವುದೇ ಎಲ್ಲರಿಗೂ ಹಿತ. ಇದನ್ನೆಲ್ಲ ಎರಡು ದಿನ ಮೊದಲು ಮನೆಗೆ ಹೋಗಿ ಮಾತಾಡಿ, ಸಭೆಯಲ್ಲಿ ಹೇಳಿ ಮುಜುಗರ ಮಾಡಬೇಡಿ.

‘ಬೇಡ’ದ ಬಗ್ಗೆ. ಚಹಾ ಮುಗಿದು ತೀರ್ಮಾನಕ್ಕೆ ಹೋಗುವ ಮೊದಲು, ಬೇರೆ ಬಣ್ಣದ ಹಾಳೆಯಲ್ಲಿ ಒಂದು ಪ್ರಶ್ನೆ: "ಹಿಂದೆ ಹೂಂ ಅಂದದ್ದರಲ್ಲಿ ಯಾವುದು ಇನ್ನು ನನ್ನಿಂದ ಆಗುವುದಿಲ್ಲ?" ಹೆಸರು ಬೇಡ. ಹಾಳೆ ಬೀಳುವಾಗ ನಡೆಸುವವರು ಉತ್ತರ ಕೊಡಬಾರದು, ತಲೆ ಅಲ್ಲಾಡಿಸಬಾರದು, ‘ಪರವಾಗಿಲ್ಲ’ ಎಂದೂ ಹೇಳಬಾರದು. ಓದಿ, ಸಿಕ್ಕಿಸಿ, ಮುಂದಿನದು. ಇಲ್ಲಿ ಒಬ್ಬರು ಎದ್ದು ‘ಹಾಗೆಲ್ಲ ಹೇಳಬಾರದು, ಇದು ಪುಣ್ಯದ ಕೆಲಸ’ ಎಂದು ಶುರು ಮಾಡುತ್ತಾರೆ, ಯಾವಾಗಲೂ ಒಬ್ಬರಿರುತ್ತಾರೆ. ಅವರಿಗೆ ಮೆತ್ತಗೆ, "ನಿಮ್ಮದೂ ಒಂದು ಹಾಳೆ ಬರೆಯಿರಿ, ಅಣ್ಣಾ" ಎನ್ನಿ. ಬೇಡ ಎನ್ನುವವರು ಹೆಚ್ಚು ಆದರೆ ಆಗಲಿ. ಪಟ್ಟಿ 41ರಿಂದ 17ಕ್ಕೆ ಇಳಿದರೆ ನರ್ಸ್ 17ನ್ನು ನಂಬಿ ಮಾರ್ಗ ಹಾಕಬಹುದು. ಬೇಡ ಎಂದವರಲ್ಲಿ ಕೆಲವರು ಸಣ್ಣ ಕೆಲಸಕ್ಕೆ ತಾವಾಗಿ ಹಿಂದೆ ಬರುತ್ತಾರೆ: ಜೀಪಿಗೆ ಬೇಡ, ಪೆನ್ಷನ್ ಕಾಗದಕ್ಕೆ ಆಗಬಹುದು ಎಂದು.

ಕುಂಟಾಲ:

ಸಭೆಯ ಮೇಲೆ ಎಲ್ಲರೂ ಬರೆದರು, ಸಭೆ ಕಳೆದ ಮೇಲಿನದು ಯಾರೂ ಬರೆಯಲಿಲ್ಲ. ಒಳ್ಳೆಯ ಮಾತುಕತೆ ನಡೆದೂ ಮೂರು ವಾರಕ್ಕೆ ಎಲ್ಲ ನೀರಾಗುವುದು ಆಮೇಲಿನ ಕೆಲಸ ಇಲ್ಲದೆ.

ಮಾತು ಕೊಡುವ ಹಾಳೆಯಲ್ಲಿ ಐದು ಸಾಲು ಇರಲಿ: ಯಾರು, ಏನು, ಯಾವ ದಿನ ಎಷ್ಟು ಹೊತ್ತಿಗೆ, ಎಲ್ಲಿಯವರೆಗೆ, ನನಗೆ ಯಾರಿಂದ ಏನು ಬೇಕು. ಉದಾಹರಣೆಗೆ: ‘ತಿಂಗಳ ಮೊದಲ ಮತ್ತು ಮೂರನೇ ಮಂಗಳವಾರ, ಬೆಳಿಗ್ಗೆ 9ರಿಂದ 12, ಹೋಮ್‌ಕೇರ್ ವಾಹನದಲ್ಲಿ. ಅಕ್ಟೋಬರ್ 31ರವರೆಗೆ. ಹಿಂದಿನ ಸಂಜೆ ಮಾರ್ಗ ತಿಳಿಸಬೇಕು.’ ‘ನನ್ನಿಂದಾದ ಸಹಾಯ ಮಾಡುತ್ತೇನೆ’ ಎಂಬ ಹಾಳೆಯನ್ನು ತಿರುಗಿ ಕೊಡಿ, ಬೈಯದೆ, "ಅದರಲ್ಲಿ ಒಂದು ದಿನ ಬರೆಯುತ್ತೀರಾ?" ಎಂದು ಕೇಳಿ. ಕೊನೆಯ ಸಾಲನ್ನು ಹೆಚ್ಚಿನವರು ಖಾಲಿ ಬಿಡುತ್ತಾರೆ. ಬಿಡಲು ಬಿಡಬೇಡಿ: ಆ ಸಾಲಿನಲ್ಲಿ ಬೇಕಾದದ್ದು ಸಿಗದಾಗಲೇ ಮಾತು ತಪ್ಪುವುದು.

ಬರೆದದ್ದನ್ನು ಎದ್ದು ನಿಂತು 30 ಜನರ ಎದುರು ಓದಿಸಬೇಡಿ, ಪುನಃ ಕೈ ಎತ್ತಿದ ಕಥೆ ಆಗುತ್ತದೆ. ವೃತ್ತದ ಐವರಿಗೆ ಓದಿದರೆ ಸಾಕು. ಕೇಳಿದ ನಾಲ್ವರು ಒಂದೇ ಪ್ರಶ್ನೆ ಕೇಳಬೇಕು: "ಇದನ್ನು ತಪ್ಪಿಸುವಂಥದ್ದು ಏನು ಬರಬಹುದು?" ಮದುವೆ, ಕೊಯ್ಲು, ಮಗುವಿನ ಪರೀಕ್ಷೆ, ಕೊಲ್ಲಿಯಿಂದ ಗಂಡ ರಜೆಯಲ್ಲಿ ಬರುವುದು ಎಲ್ಲ ಆಗಲೇ ಹೊರಗೆ ಬೀಳುತ್ತದೆ. ಕೇಳಿದ ಮೇಲೆ ದಿನ ಕಡಿಮೆ ಮಾಡಬೇಕು ಅನಿಸಿದರೆ ಅಲ್ಲೇ ಹೊಡೆದು ಬರೆಯಲಿ. ತಿಂಗಳಿಗೆ ನಾಲ್ಕು ದಿನ ಬರೆದು ಒಂದಕ್ಕೆ ಬರುವವರಿಗಿಂತ ಒಂದು ಬರೆದು ಬರುವವರು ನರ್ಸಿಗೆ ಉಪಕಾರ.

ಪ್ರತಿ ಕೆಲಸಕ್ಕೂ ಜೋಡಿ. ಬರಲಾಗದವರು ಹಿಂದಿನ ಸಂಜೆ 6ರ ಒಳಗೆ ಜೋಡಿಯವರಿಗೆ ಫೋನ್ ಮಾಡಬೇಕು, ನರ್ಸಿಗಲ್ಲ. ನರ್ಸಿಗೆ ಮಾಡುವುದು ಇಬ್ಬರೂ ತಪ್ಪಿದಾಗ ಮಾತ್ರ. ಇದೊಂದು ನಿಯಮದಿಂದ ನರ್ಸಿನ ಫೋನ್ ಅರ್ಧ ಹಗುರ.

ವಾಟ್ಸಾಪ್ ಗುಂಪಿನಲ್ಲಿ ಕೇಳಿ ತೀರ್ಮಾನ ಮಾಡಬೇಡಿ. ಅಲ್ಲಿ ಹಾಕುವ ಹೆಬ್ಬೆರಳು ‘ಓದಿದೆ’ ಎಂದೋ ‘ಬರುತ್ತೇನೆ’ ಎಂದೋ ಯಾರಿಗೂ ಗೊತ್ತಿಲ್ಲ. ಗುಂಪು ಬರೇ ತಿಳಿಸಲು. ಎರಡು ದಿನದ ಒಳಗೆ ಚಾರ್ಟುಗಳ ಫೋಟೋ ಹಾಕಿ, ಟೈಪ್ ಮಾಡಿ ಚಂದ ಮಾಡಲು ಕೂತರೆ ಒಂದು ತಿಂಗಳು ಹೋಗುತ್ತದೆ. ‘ಬೇಡ’ದ ಬಣ್ಣದ ಹಾಳೆಗಳ ಫೋಟೋ ಮಾತ್ರ ಹಾಕಬೇಡಿ, ಕೈಬರಹ ಗುರುತು ಸಿಗುತ್ತದೆ.

ನಾಲ್ಕನೇ ವಾರ ಪುನಃ ಸೇರುವುದು, 45 ನಿಮಿಷ. ತಾರೀಕು ಮೊದಲ ಸಭೆಯಲ್ಲೇ ಗೊತ್ತುಮಾಡಿ. ಹಾಜರಿ ಕರೆದು ತಪ್ಪಿದವರನ್ನು ಎಬ್ಬಿಸುವ ಪದ್ಧತಿ ಬೇಡ, ಅದು ಶಾಲೆಗೆ. ಅದೇ ವೃತ್ತದಲ್ಲಿ ಮೂರು ಮಾತು: ಏನು ನಡೆಯಿತು, ಏನು ನಡೆಯಲಿಲ್ಲ, ಹಾಳೆಯಲ್ಲಿ ಏನನ್ನು ತಿದ್ದಬೇಕು. ಇಲ್ಲಿ ಅಧ್ಯಕ್ಷರು ಕೊಟ್ಟ ತಾರೀಕುಗಳನ್ನೂ ಓದಬೇಕು. ಪಂಚಾಯತ್ ತನ್ನ ಮಾತು ತಪ್ಪಿ ಸ್ವಯಂಸೇವಕರ ಲೆಕ್ಕ ಮಾತ್ರ ಕೇಳಿದರೆ ಐದನೇ ವಾರಕ್ಕೆ ಯಾರೂ ಇಲ್ಲ.

ಮೂರು ತಿಂಗಳಿಗೆ ಎಲ್ಲ ಹಾಳೆಗಳನ್ನೂ ತೆಗೆದು ಅವರವರ ಕೈಗೆ ಹಿಂದಕ್ಕೆ ಕೊಡಿ. ಯಾರಿಗೂ ಬಾಕಿ ಇಲ್ಲ. ಮುಂದುವರಿಸುವವರು ಹೊಸ ಹಾಳೆ ಬರೆಯಲಿ. ಬಿಟ್ಟು ಹೋಗಲು ಒಂದು ಮರ್ಯಾದೆಯ ಬಾಗಿಲು ಇಲ್ಲದ್ದರಿಂದ ಜನ ಫೋನ್ ಎತ್ತದೆ ಬಿಟ್ಟು ಹೋಗುವುದು. ಮನೆಯಲ್ಲಿ ಕ್ಯಾನ್ಸರ್ ಸಾವು ಆದವರು ಮೂರ್ನಾಲ್ಕು ತಿಂಗಳು ಬಾರದಿದ್ದರೆ ಕೇಳಲೂ ಹೋಗಬೇಡಿ, ಅವರಾಗಿ ಬರುತ್ತಾರೆ.

ಬೈಲುಕರೆ:

ಎಲ್ಲರಿಗೂ ಉಪಕಾರ. ಸಿಬ್ಬಂದಿಯ 40 ನಿಮಿಷಕ್ಕೆ ದಿನ ಗೊತ್ತಾಯಿತು, ಪಕ್ಕದ ಪಂಚಾಯತಿನ ಒಬ್ಬ ಟೀಚರ್ ನಡೆಸಿಕೊಡಲು ಒಪ್ಪಿದ್ದಾರೆ. ಮನೆಮನೆಗೆ ಹೋಗಿ ಕೊಡುವ ಚೀಟಿ ಹೀಗೆ ಬರೆದಿದ್ದೇವೆ, ನೋಡಿ:

‘ಮಾನ್ಯರೇ, ಪಾಲಿಯೇಟಿವ್ ಘಟಕದ ಮಹತ್ವದ ಸಭೆಯನ್ನು ಭಾನುವಾರ ಅಪರಾಹ್ನ 2:30ಕ್ಕೆ ಕರೆಯಲಾಗಿದೆ. ಭಾಷಣ ಇರುವುದಿಲ್ಲ. ಮುಂದಿನ ಮೂರು ತಿಂಗಳಲ್ಲಿ ನಿಮ್ಮಿಂದ ಏನು ಆಗಬಹುದು, ಏನು ಆಗದು ಎಂದು ಕೇಳುತ್ತೇವೆ. ಆಗದು ಎನ್ನುವವರೂ ಬರಬೇಕು. ಎಲ್ಲರೂ ತಪ್ಪದೆ ಭಾಗವಹಿಸಿ ಸಹಕರಿಸಬೇಕಾಗಿ ವಿನಂತಿ.’

ತಾಳೆಗರಿ:

ನಡುವಿನ ಮೂರು ವಾಕ್ಯ ಚಿನ್ನ, ಮುಟ್ಟಬೇಡಿ. ‘ಮಹತ್ವದ’ ತೆಗೆಯಿರಿ. ‘ಕರೆಯಲಾಗಿದೆ’ ಬೇಡ, ‘ಕರೆಯುತ್ತಿದ್ದೇವೆ’ ಎಂದು ಬರೆದು ಕೆಳಗೆ ಇಬ್ಬರ ಹೆಸರು ಹಾಕಿ, ಯಾರು ಕರೆದದ್ದು ಎಂದು ಗೊತ್ತಾಗಲಿ. ‘ಆಗದು ಎನ್ನುವವರೂ ಬರಬೇಕು’ ಎಂದ ಮೇಲೆ ‘ತಪ್ಪದೆ ಭಾಗವಹಿಸಿ’ ಎಂಬುದು ಅದನ್ನೇ ಹಿಂದಕ್ಕೆ ತೆಗೆದುಕೊಳ್ಳುತ್ತದೆ, ಆ ವಾಕ್ಯ ಪೂರ್ತಿ ಹೊಡೆದು ಅಲ್ಲಿ ಮುಗಿಯುವ ಸಮಯ ಬರೆಯಿರಿ: 4:50ಕ್ಕೆ ಮುಗಿಯುತ್ತದೆ, ನಡುವೆ ಚಹಾ ಉಂಟು. ಹಿಂದಿನ ಬದಿಯಲ್ಲಿ ಮಲಯಾಳ.